ಅಪ್ಪನ ಜೆಪಗ್

ಲ್ಯಾಮಿನೇಷನ್ ಮೆಶಿನಿನ ಬಿಸಿ ಪ್ಲಾಸ್ಟಿಕ್ ವಾಸನೆ ಬಂದರೆ ಈಗಲೂ ನನ್ನ ನಾಲಿಗೆ ತನ್ನಷ್ಟಕ್ಕೆ ಹಲ್ಲುಗಳನ್ನು ಮುಟ್ಟಿ ನೋಡಿಕೊಳ್ಳುತ್ತದೆ.

ಸುಳ್ಯದಲ್ಲಿ ಅಪ್ಪನದೊಂದು ಫೋಟೋ ಸ್ಟುಡಿಯೋ ಇತ್ತು. ಅಪ್ಪ ಹಿಂದೆ ನಿಂತು ಹೇಳುವುದು, ಚಿಕ್ಕಪ್ಪ ಕಂಪ್ಯೂಟರಿನಲ್ಲಿ ಮಾಡುವುದು, ಇದು ಅಲ್ಲಿನ ಕ್ರಮ. ಚಿಕ್ಕಪ್ಪನ ಕೈಗೆ ಮೊದಲು ಕ್ಯಾಮರಾ ಕೊಟ್ಟವನೂ ಅಪ್ಪನೇ. ಆ ಮಧ್ಯಾಹ್ನ ಪಂಜದಿಂದ ಮದುಮಗಳ ಕಡೆಯವರು ಆಲ್ಬಮ್ಮಿಗಾಗಿ ಬಂದು ಕೂತಿದ್ದರು. ನಾನು ಬಿಸಿಯಾಗುತ್ತಿದ್ದ ಮೆಶಿನಿನ ಪಕ್ಕ ನಿಂತಿದ್ದೆ.

“ಫೋಟೋ ಎಲ್ಲ ಜೆಪಗ್ ಮಾಡಿ ಹಾಕು,” ಎಂದ ಅಪ್ಪ.

ಮಂಗಳೂರಿನಲ್ಲಿ ಕೋರ್ಸು ಮುಗಿಸಿ ಬಂದಿದ್ದ ಚಿಕ್ಕಪ್ಪ ಬಂದವರ ಕಡೆ ತಿರುಗಿ ನಕ್ಕ. “ಅದು ಜೇಪೆಗ್, ಅಣ್ಣ. ಎಷ್ಟು ಸರ್ತಿ ಹೇಳುದು ಮಾರಾಯ? ಮರ್ಯಾದೆ ಹೋಗ್ತದೆ.”

ಬಂದವರೂ ನಕ್ಕರು.

ಫೋಟೋ ಕತ್ತರಿಸುವಾಗ ಹಿಡಿಯುವ ಉಕ್ಕಿನ ಸ್ಕೇಲು ಅಪ್ಪನ ಕೈಯಲ್ಲಿತ್ತು. ಅದರ ಅಂಚಿನಿಂದಲೇ ತಮ್ಮನ ಬಾಯಿಗೆ ಬಾರಿಸಿದ. “ಹೇಳು, ಈಗ ಹೇಳು,” ಎನ್ನುತ್ತ ಮತ್ತೆ ಬಾರಿಸಿದ. ಮದುಮಗಳ ಹೊಳೆಯುವ ಫೋಟೋಗಳ ಮೇಲೆ ರಕ್ತ ಹನಿಯಿತು. ಒಂದು ಹಲ್ಲು ಕೀಬೋರ್ಡಿನ ಮೇಲೆ ಬಿತ್ತು. ಬುತ್ತಿ ತಂದಿದ್ದ ಅಜ್ಜಿ ಅಪ್ಪನ ಕೈಗೆ ಜೋತುಬಿದ್ದಳು.

“ಬಾಯಿಗೆ ಹೊಡಿಬೇಡ ಮಗಾ, ಅನ್ನ ಉಣ್ಣುವ ಬಾಯಿ ಅದು!”

ಬಂದವರು ಹೆದರಿ ಹೊರಗೆ ಓಡಿದರು. ಆದರೂ ಆಲ್ಬಮ್ ಮುಗಿಸಲೇಬೇಕಿತ್ತು. ಚಿಕ್ಕಪ್ಪ ಬಾಯಿಗೆ ಕೈ ಒರೆಸುವ ಬೈರಾಸು ಒತ್ತಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತ.

“ಯಾವುದರಲ್ಲಿ ಸೇವ್ ಮಾಡುದು, ಅಣ್ಣ?”

ಅಪ್ಪ ಬಾಯಿ ತೆರೆದ, ಮುಚ್ಚಿದ. ಕೊನೆಗೆ ಬೆರಳನ್ನು ಸ್ಕ್ರೀನಿಗೆ ಒತ್ತಿ ತೋರಿಸಿದ. ಬೆರಳು ತೆಗೆದಾಗ JPG ಎಂಬ ಮೂರು ಅಕ್ಷರಗಳ ಮೇಲೆ ಕೆಂಪು ಗುರುತು ಉಳಿಯಿತು. ಅದನ್ನು ಯಾರೂ ಒರೆಸಲಿಲ್ಲ.