ತವರಿಗೆ ಸುತ್ತು ದಾರಿ

ಮಾವ ತಾನೇ ಟ್ರಂಕು ಹೊತ್ತು ತಂದು ಕಾರಿನ ನೆತ್ತಿಗೆ ಕಟ್ಟಿಸಿದಾಗಲೇ ರೇವಮ್ಮನಿಗೆ ಅನುಮಾನ ಬಂತು. ನಾಲ್ಕು ಊರು ನೋಡಿ ಬರುವುದಕ್ಕೆ ಎರಡು ಸೀರೆ ಸಾಕು. ಅವಳ ಇದ್ದಬದ್ದ ಬಟ್ಟೆಯೆಲ್ಲ ಯಾಕೆ?

ಹೊಳಲಿನ ಮರಿಸಿದ್ದಯ್ಯ ಸೊಸೆಯನ್ನು ಊರು ಸುತ್ತಿಸುವ ಪೈಕಿಯಲ್ಲ. ಗದ್ದೆ, ಆಲೆಮನೆ, ಮನೆಯ ಜಗಲಿ, ಅಷ್ಟೇ ಅವನ ಪ್ರಪಂಚ. ಅಂಥವನು ನಿನ್ನೆ ಬೆಲ್ಲ ಮಾರಲು ಮಂಡ್ಯಕ್ಕೆ ಹೋಗಿ, ಗಾಡಿ ತುಂಬ ಬೆಲ್ಲವನ್ನು ಹಾಗೇ ವಾಪಸು ತಂದಿದ್ದ. ಬಂದವನೇ ಸೊಸೆಗೆ ಹೊರಡಲು ಹೇಳಿದ. ಶ್ರೀರಂಗಪಟ್ಟಣ, ಸೋಮನಾಥಪುರ, ತಲಕಾಡು, ಗಗನಚುಕ್ಕಿ ನೋಡಿಕೊಂಡು ಕೊನೆಗೆ ಮಳವಳ್ಳಿಯ ಅವಳ ತವರಿಗೆ ಹೋಗುವುದೆಂದ.

ತನ್ನನ್ನು ಅಲ್ಲೇ ಬಿಟ್ಟುಬರುತ್ತಾರೆ ಎಂದುಕೊಳ್ಳಲು ತವರು ಅನ್ನುವ ಒಂದು ಮಾತು ಸಾಕಾಯಿತು. ಮದುವೆಯಾಗಿ ಮೂರು ವರ್ಷ, ಮಡಿಲು ತುಂಬಿರಲಿಲ್ಲ. ಅದರಲ್ಲಿ ಎರಡು ವರ್ಷದಿಂದ ಗಂಡ ಸಿದ್ದರಾಜು ಬರ್ಮಾ ಕಡೆ ಮಿಲಿಟರಿ ಲಾರಿ ಓಡಿಸುತ್ತಿದ್ದ. ಅತ್ತೆ ದೊಡ್ಡಮ್ಮನಿಗೆ ಅದೆಲ್ಲ ಬೇಕಿರಲಿಲ್ಲ. ಮಗ ಬಂದ ಕೂಡಲೇ ಬೆಸಗರಹಳ್ಳಿಯಿಂದ ಇನ್ನೊಂದು ಹೆಣ್ಣು ತರುವ ಮಾತು ಹೋದ ತಿಂಗಳು ಹಿತ್ತಲಲ್ಲಿ ನಡೆದದ್ದನ್ನು ರೇವಮ್ಮ ಕಿವಿಯಾರೆ ಕೇಳಿದ್ದಳು.

ಕಾರು ಮಂಡ್ಯದ ನಯಾಜ್ ಪಾಷಾನದು. ಯುದ್ಧದ ಕಾಲ, ಪೆಟ್ರೋಲು ಸಿಕ್ಕುತ್ತಿರಲಿಲ್ಲ. ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಅದರ ಗ್ಯಾಸಿನಲ್ಲೇ ಕೆಮ್ಮುತ್ತ ಓಡುವ ಗಾಡಿ. ಸಿದ್ದರಾಜುವಿಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವನೂ, ತನ್ನ ವಿಳಾಸಕ್ಕೆ ಬರುವ ಅವನ ಕಾಗದಗಳನ್ನು ಮನೆಯವರಿಗೆ ಓದಿ ಹೇಳುತ್ತಿದ್ದವನೂ ಈ ಪಾಷಾನೇ. ಯಾವಾಗಲೂ ‘ತಂಗೆವ್ವ’ ಎಂದು ಏನಾದರೊಂದು ಹೇಳಿ ನಗಿಸುತ್ತಿದ್ದವನು ಇವತ್ತು ಅವಳ ಮುಖ ನೋಡಲಿಲ್ಲ. ಇವನಿಗೂ ಹೇಳಿದ್ದಾರೆ, ಅಂದುಕೊಂಡಳು.

ಶ್ರೀರಂಗಪಟ್ಟಣದ ದೇವಸ್ಥಾನದ ಮುಂದೆ ಮಾವ ಇಳಿಯಲೇ ಇಲ್ಲ. ಕಾಲು ನೋವು, ನೀನು ಹೋಗಿ ಕೈಮುಗಿದು ಬಾ ಎಂದ. ದೇವರ ಎದುರು ನಿಲ್ಲಲು ಮುಖವಿಲ್ಲದಂಥ ಕೆಲಸ ಮಾಡುತ್ತಿದ್ದಾನೆ ಎಂದುಕೊಂಡೇ ಅವಳು ಒಳಗೆ ಹೋದಳು. ಮಲಗಿದ ರಂಗನಾಥನ ಮುಂದೆ ಬೇರೇನೂ ಕೇಳಲಿಲ್ಲ. ಗಂಡ ಸುಖವಾಗಿ ಬರಲಿ, ಅವನು ಬರುವ ತನಕ ನನ್ನನ್ನು ಆ ಮನೆಯಲ್ಲಿರಿಸು ಎಂದಳು.

ಹೊರಗೆ ಬಂದರೆ ಮಾವ ಬಳೆಗಾರನನ್ನು ಕೂರಿಸಿಕೊಂಡು ಕಾಯುತ್ತಿದ್ದ. ಎರಡೂ ಕೈಗೆ ಮೊಣಕೈವರೆಗೆ ಹಸಿರು ಬಳೆ ತೊಡಿಸಿದ. ಮೂರು ಮೊಳ ಮಲ್ಲಿಗೆ ಕೊಂಡು, ಈಗಲೇ ಮುಡಿ ಎಂದು ನಿಂತ. ಸಾಗಹಾಕುವ ಮುಂಚೆ ಮಾಡುವ ಮರ್ಯಾದೆ ಇದು ಎಂದು ಅವಳಿಗೆ ಅಳು ಬಂತು. ಅಷ್ಟರಲ್ಲಿ ಹೊಳಲಿನವನೊಬ್ಬ ದೂರದಿಂದ ಕೂಗಿದ. ಮಾವ ತಿರುಗಿಯೂ ನೋಡದೆ ಅವಳನ್ನು ಕಾರು ಹತ್ತಿಸಿದ.

ರಾತ್ರಿ ತಂಗಿದ ಬನ್ನೂರಿನ ಛತ್ರದಲ್ಲಿ ಬೆಳಗ್ಗೆ ಎದ್ದು ಪಾಷಾನನ್ನು ಕೇಳಿದಳು, ನಮ್ಮನೆಯವರಿಗೊಂದು ಕಾರ್ಡು ಬರೆದುಕೊಡಿ ಎಂದು. ಇನ್ನೊಂದು ದಿನ ಬರೆಯೋಣ ಎಂದು ಅವನು ಇದ್ದಿಲು ಕೆದಕುತ್ತ ಕೂತ.

ಸೋಮನಾಥಪುರದಲ್ಲಿ ಪೂಜೆಯಿಲ್ಲದ ಗುಡಿ. ಅಲ್ಲಿ ಮಾತ್ರ ಮಾವ ಒಳಗೆ ಬಂದ. ಗೋಡೆಯ ಸುತ್ತ ಆನೆಯ ಸಾಲು, ಅದರ ಮೇಲೆ ಕುದುರೆ, ಅದರ ಮೇಲೆ ಕುಣಿಯುವ ಹೆಂಗಸರು. ಎಲ್ಲ ಮರೆತು ರೇವಮ್ಮ ಒಂದು ಗಳಿಗೆ ಮಗುವಿನಂತೆ ನಕ್ಕಳು. ಮಾವ ಅವಳ ಬಳಿ ಬಂದು, ಅವಸರ ಇಲ್ಲ, ಇನ್ನೊಂದು ಸುತ್ತು ಬಾ ಎಂದ. ಮೂರು ಸುತ್ತು ಬಂದಳು.

ತಲಕಾಡಿನಲ್ಲಿ ಕಣ್ಣು ಹಾಯುವಷ್ಟೂ ಮರಳು. ಮಾವ ಅದರ ಮೇಲೆ ಕುಕ್ಕರಗಾಲಲ್ಲಿ ಕೂತ.

“ಸಮುದ್ರ ತೋರಿಸ್ತೀನಿ ಅಂತ ಬರ್ದಿದ್ನಲ್ಲ ಅವ್ನು. ಅಷ್ಟು ದೂರ ಈ ಗಾಡಿ ಓಗಾಕಿಲ್ಲ. ಇದ್ನೇ ಸಮುದ್ರದ ದಂಡೆ ಅನ್ಕೊ ಮಗ.”

ಸಿದ್ದರಾಜು ಕಾಗದದಲ್ಲಿ ಬರೆದ ಊರುಗಳೇ ಇವೆಲ್ಲ ಎಂದು ಅವಳಿಗೆ ಆಗ ಹೊಳೆಯಿತು. ರಜ ಸಿಕ್ಕಿದಾಗ ರೇವಿಯನ್ನು ಕರೆದುಕೊಂಡು ಹೋಗುತ್ತೇನೆ ಎಂದು ಬರೆದಿದ್ದ. ಮಗ ಕೊಟ್ಟ ಮಾತನ್ನು ಅಪ್ಪ ತೀರಿಸಿ ಕೈತೊಳೆದುಕೊಳ್ಳುತ್ತಿದ್ದಾನೆ. ನಾಳೆ ಯಾರೂ ಏನೂ ಅನ್ನುವ ಹಾಗಿಲ್ಲ. ಮಾವ ಎದ್ದುಹೋಗಿ ಉಟ್ಟ ಬಟ್ಟೆಯಲ್ಲೇ ಹೊಳೆಯಲ್ಲಿ ಮುಳುಗಿದ. ತುಂಬ ಹೊತ್ತು ಅಲ್ಲೇ ಇದ್ದು ಮೇಲೆ ಬಂದಾಗ ಕಣ್ಣು ಕೆಂಡದ ಹಾಗಿತ್ತು. ಕಣ್ಣಿಗೆ ನೀರು ಹೋಯಿತು ಎಂದ.

ಮಾರನೆಯ ದಿನ ಗಗನಚುಕ್ಕಿ. ಹೊಳೆ ಬಂಡೆಯಿಂದ ಬಂಡೆಗೆ ಮುರಿದು ಬೀಳುತ್ತಿತ್ತು. ಇಲ್ಲೇ ಜಾರಿದರೆ ಎಲ್ಲರಿಗೂ ಹಗುರ ಎಂದು ಅವಳಿಗೆ ಅನ್ನಿಸಿತು. ಅದು ಕೇಳಿಸಿತೋ ಎಂಬಂತೆ ಮಾವ ಅವಳ ಮುಂಗೈ ಹಿಡಿದ. ಕಾರಿನ ತನಕ ಬಿಡಲಿಲ್ಲ.

ಮಳವಳ್ಳಿ ಅರ್ಧ ಮೈಲಿ ಇದೆ ಎನ್ನುವಾಗ ಹೊಂಗೆ ಮರದ ಕೆಳಗೆ ಕಾರು ನಿಂತಿತು. ಪಾಷಾ ಇಳಿದು, ಬೆನ್ನು ತಿರುಗಿಸಿ, ದೂರ ನಡೆದುಹೋದ. ಮಾವ ಬಾಯಿ ತೆರೆದ, ಮುಚ್ಚಿದ. ಅವನಿಗೆ ಆ ಕಷ್ಟ ಬೇಡವೆಂದು ರೇವಮ್ಮನೇ ಮಾತು ತೆಗೆದಳು.

“ನಂಗೆಲ್ಲ ಗೊತ್ತು ಮಾವ. ಅವ್ರಿಗೆ ಬೇರೆ ಎಣ್ಣು ನೋಡಿದ್ದೀರಿ. ನನ್ನ ಇಲ್ಲಿ ಬುಟ್ಟೋಗಿ, ಏನೂ ಅನ್ನಾಕಿಲ್ಲ. ಅವ್ರು ಬರೋ ದಿನ ಮಾತ್ರ ಒಂದು ಸುದ್ದಿ ಕಳ್ಸಿ. ದೂರದಿಂದ ನೋಡ್ಕೊಂಡು ಓಯ್ತೀನಿ.”

ಮರಿಸಿದ್ದಯ್ಯ ಹೆಗಲ ವಲ್ಲಿಯನ್ನು ಬಾಯಿಗೆ ಒತ್ತಿ ಹಿಡಿದ. ತೆಗೆದಾಗ ಅವನ ದನಿ ಬೇರೆ ಯಾರದೋ ಆಗಿತ್ತು.

“ಅವ್ನು ಇಲ್ಲ ಅಂತ ತಂತಿ ಬಂದು ನಾಕು ದಿನ ಆಯ್ತು ಕಣವ್ವ, ನಾಕು ದಿನನಾದ್ರೂ ನೀನು ಮುತ್ತೈದೆಯಾಗಿ ತಿರುಗಾಡ್ಲಿ ಅಂತ, ನಿಮ್ಮತ್ತೆಗೂ ಏಳ್ನಿಲ್ಲ.”