ಕಿರುಚಿದವರು ಒಬ್ಬರೂ ಇಲ್ಲ

“ಈ ಕ್ಲಿನಿಕ್‌ನಲ್ಲಿ ಹಲ್ಲು ಕೀಳಿಸಿಕೊಂಡವರಲ್ಲಿ ಇವತ್ತಿನವರೆಗೆ ಒಬ್ಬರೂ ಕಿರುಚಿಲ್ಲ,” ಎಂದಳು ದಂತವೈದ್ಯೆ. ಕೆನ್ನೆಗೆ ಟವೆಲ್ ಕಟ್ಟಿಕೊಂಡು ಬಾಗಿಲ ತುಂಬ ನಿಂತಿದ್ದ ಲಾರಿ ಡ್ರೈವರ್ ಮಾತ್ರ ಹೆಜ್ಜೆ ಮುಂದಿಡಲಿಲ್ಲ. ಅವನಲ್ಲಿ ಧೈರ್ಯವಾಗಿದ್ದದ್ದು ಮೀಸೆ ಒಂದೇ.

“ಹಾಗಾದ್ರೆ ಮೊದಲು ಆ ಸಾರ್‌ದು ಕೀಳಿ ಮೇಡಂ. ನಾನು ಇಲ್ಲೇ ಕೂತು ಕೇಳಿಸ್ಕೋತೀನಿ. ಅವರು ಕಿರುಚಿದ್ರೋ, ನಾನು ಗಾಡಿ ಹತ್ತಿದೆ ಅಂತ ತಿಳ್ಕೊಳ್ಳಿ.”

ಆ ಸಾರ್ ಎಂದರೆ ಸೋಫಾದಲ್ಲಿ ಪತ್ರಿಕೆ ಹಿಡಿದು ಕುಳಿತಿದ್ದವರು. ಕಾಲೇಜು ಹುಡುಗರಿಗೆ ತರ್ಕಶಾಸ್ತ್ರ ಅರೆದು ಕುಡಿಸಿ ನಿವೃತ್ತರಾದ ಮೇಷ್ಟರು, ವೈದ್ಯೆಯ ಸ್ವಂತ ಅಪ್ಪ. ಕ್ಲಿನಿಕ್ ಬಿಕೋ ಅನ್ನದಿರಲಿ ಎಂದು ಮಗಳೇ ಅವರನ್ನು ರೋಗಿಯ ಪಾತ್ರದಲ್ಲಿ ಕೂರಿಸಿದ್ದಳು. ಅವರೂ ಆಗಾಗ ಕೆನ್ನೆ ಹಿಡಿದು ನರಳುತ್ತಿದ್ದರು. ಅದರಲ್ಲಿ ನಟನೆ ಅರ್ಧವೇ. ದವಡೆ ಹಲ್ಲೊಂದು ನಿಜಕ್ಕೂ ಕೊಳೆತಿತ್ತು.

ಮಗಳು ಅವರ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋಗಿ ಬಾಗಿಲು ಹಾಕಿದಳು.

“ಅಂಗಡಿ ತೆಗೆದು ವಾರ ಆಗಿಲ್ಲ, ಇನ್ನೂ ಒಂದು ಹಲ್ಲೂ ಕಿತ್ತಿಲ್ಲ. ಸುಳ್ಳು ಹೇಳ್ತೀಯಲ್ಲೇ!” ಮೇಷ್ಟರು ಪಿಸುಗುಟ್ಟಿದರು.

“ಸುಳ್ಳಾ? ಕಿರುಚಿದವರನ್ನ ಒಬ್ಬರನ್ನ ತೋರಿಸಪ್ಪ.”

“ಕೀಳಿಸಿಕೊಂಡವರೇ ಇಲ್ಲವಲ್ಲೇ!”

ಮಗಳು ಇಲ್ಲದ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಗಂಟಲು ಸರಿಮಾಡಿಕೊಂಡು, ಪಿಸುಮಾತಿನಲ್ಲೇ ಥೇಟ್ ಅಪ್ಪನ ಕ್ಲಾಸಿನ ದನಿ ತೆಗೆದಳು. “ನಮ್ಮ ಮನೆಯಲ್ಲಿರುವ ಆನೆಗಳೆಲ್ಲ ಗುಲಾಬಿ ಬಣ್ಣದವು. ನಿಜವೋ, ಸುಳ್ಳೋ? ಹಿಂದಿನ ಬೆಂಚು, ಎದ್ದೇಳಪ್ಪಾ! ನಿಜ! ಯಾಕೆ? ಮನೆಯಲ್ಲಿ ಆನೆಯೇ ಇಲ್ಲ. ಇಲ್ಲದ ಆನೆ ಬೇರೆ ಬಣ್ಣದ್ದು ಅಂತ ಯಾವನು ತೋರಿಸ್ತಾನೆ?”

“ಅದು… ಅದು ಪಾಠ ಕಣೇ. ಅಲ್ಲ, ಓದುವಾಗ ಕಾಲೇಜಲ್ಲಿ ಕಿತ್ತಿದ್ಯಲ್ಲ, ಅವರು ಯಾರೂ ಕಿರುಚಲಿಲ್ವಾ?”

“ಅವರು ಬೇರೆ ಗಣ. ನಾನು ಹೇಳಿದ್ದು ‘ಈ ಕ್ಲಿನಿಕ್‌ನಲ್ಲಿ’ ಅಂತ.” ಆಮೇಲೆ ಅವಳದೇ ದನಿ ಬಂತು. “ಅಪ್ಪ, ಈ ಮನುಷ್ಯ ವಾಪಸ್ ಹೋದ್ರೆ ಲಾರಿ ಸ್ಟ್ಯಾಂಡಿನ ಒಂದು ಹಲ್ಲೂ ಈ ಕಡೆ ತಲೆ ಹಾಕಲ್ಲ. ಮೊದಲನೇ ಗಿರಾಕಿ ಅಪ್ಪ.”

ಮೇಷ್ಟರು ಕುರ್ಚಿಗೆ ಒರಗಿ ಬಾಯಿ ತೆರೆದರು.

ಸೂಜಿ ಒಸಡಿಗೆ ಇಳಿಯಿತು. ಹೊಟ್ಟೆಯಿಂದ ಹೊರಟ ಕೂಗು ಗಂಟಲಿಗೆ ಬಂದು ನಿಂತಿತು. ‘ಎಲ್ಲ’ ಎನ್ನುವ ಹೇಳಿಕೆಯನ್ನು ಮಣ್ಣುಮುಕ್ಕಿಸಲು ಒಂದೇ ಒಂದು ಅಪವಾದ ಸಾಕು ಎಂದು ಜೀವಮಾನವೆಲ್ಲ ಬೋರ್ಡಿನ ಮೇಲೆ ಬರೆದವರು ಅವರು. ಆ ಒಂದೇ ಒಂದು ತಾವೇ ಆಗುವ ಯೋಗವಿದೆ ಎಂದು ಎಣಿಸಿರಲಿಲ್ಲ. ಕುರ್ಚಿಯ ಕೈ ಅವುಚಿ ಹಿಡಿದು ಮನಸ್ಸಿನಲ್ಲೇ ತರ್ಕದ ಮಗ್ಗಿಯಾದ ಸತ್ಯಕೋಷ್ಟಕ ಒಪ್ಪಿಸತೊಡಗಿದರು. ನಿಜ ಮತ್ತು ನಿಜ, ನಿಜ. ನಿಜ ಮತ್ತು ಸುಳ್ಳು, ಸುಳ್ಳು. ಸುಳ್ಳು ಮತ್ತು… ಅಯ್ಯಯ್ಯೋ ಅಮ್ಮಾ… ಸುಳ್ಳು.

“ಸಾರ್, ಇದೀರಾ?” ಹೊರಗಿನಿಂದ ಡ್ರೈವರ್ ಕೂಗಿದ.

“ಹ್ಞೂಂ,” ಎಂದರು ಮೇಷ್ಟರು, ಇಕ್ಕಳದ ಪಕ್ಕದಿಂದ ಜಾಗ ಮಾಡಿಕೊಂಡು.

ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಬಾಯಿ ತುಂಬ ಹತ್ತಿ, ತುಟಿ ಒಂದು ಕಡೆಗೆ ವಾಲಿ, ಮೇಷ್ಟರು ಸೋಫಾದಲ್ಲಿ ಕುಸಿದರು. ಡ್ರೈವರ್ ಅವರ ಸುತ್ತ ಒಂದು ಸುತ್ತು ಬಂದು, ಟೈರು ನೋಡುವಂತೆ ಬಗ್ಗಿ ನೋಡಿದ.

“ಕಣ್ಣಲ್ಲಿ ನೀರು?”

“ಹಲ್ಲು ಹೋಯ್ತಲ್ಲ, ಆ ಸಂತೋಷಕ್ಕೆ,” ಎಂದಳು ವೈದ್ಯೆ.

ಡ್ರೈವರ್ ಮೀಸೆ ತೀಡಿಕೊಂಡು ಲೆಕ್ಕ ಹಾಕಿದ. “ನೋಡಿ, ನೋವಾದ್ರೆ ಯಾರೇ ಆಗ್ಲಿ ಕಿರುಚ್ತಾರೆ. ನೀವು ಕಿರುಚಿಲ್ಲ. ಅಂದ್ರೆ ನೋವಾಗಿಲ್ಲ. ಸರೀನಾ ಸಾರ್?”

ವಾದದ ಕಟ್ಟಡದಲ್ಲಿ ಒಂದು ಬಿರುಕೂ ಇರಲಿಲ್ಲ. ಪರೀಕ್ಷೆಯಲ್ಲಾದರೆ ಪೂರ್ತಿ ಅಂಕ ಕೊಡಬೇಕಿತ್ತು. ಮೊದಲನೇ ವಾಕ್ಯ ಶುದ್ಧ ಸುಳ್ಳು, ಅಷ್ಟೇ. ಅದನ್ನು ತಿದ್ದಲೆಂದು ಮೇಷ್ಟರು ಬಾಯಿ ತೆರೆದರು. ಡ್ರೈವರನ ಬೆನ್ನ ಹಿಂದೆ ಮಗಳು ಕೈ ಜೋಡಿಸಿ ನಿಂತಿದ್ದಳು. ಬಾಯಿ ಮುಚ್ಚಿದರು.

“ಆದ್ರೂ ಇವರೊಬ್ಬರನ್ನೇ ನಂಬೋದು ಹೇಗೆ ಮೇಡಂ?”

“ಒಬ್ಬರನ್ನ ಯಾಕೆ ನಂಬ್ತೀರಿ? ಇಲ್ಲಿ ಹಲ್ಲು ಕೀಳಿಸಿಕೊಂಡ ಎಲ್ಲರನ್ನೂ ಕೇಳಿ ನೋಡಿ, ಎಲ್ಲರೂ ಇದನ್ನೇ ಹೇಳ್ತಾರೆ.”

“ಎಲ್ಲರೂನಾ?” ಟವೆಲ್ ಬಿಚ್ಚುತ್ತ ಡ್ರೈವರ್ ಒಳಗೆ ಹೊರಟ.

ಎಲ್ಲರೂ ಸೋಫಾದ ಮೂಲೆಯಲ್ಲಿ ಒಬ್ಬರೇ ಕುಳಿತು, ಕೆನ್ನೆ ಒತ್ತಿ ಹಿಡಿದು, ಹೌದೆಂದು ತಲೆಯಾಡಿಸಿದರು.