ಅಕ್ಕ ಹೊಲಿದ ಕುಂಚಿಗೆ

ಮಗಳು ಅವಸರವಿಲ್ಲದೆ ಬೆಳೆಯಲೆಂದು ಸುವರ್ಣಾ ಮತ್ತು ಅವಳ ಗಂಡ ಮಲ್ಲೇಶಿ ಈ ನಿಧಾನದ ಊರಿಗೆ ಬಂದು ನಲವತ್ತು ದಿನವಾಗಿತ್ತು. ಇಲ್ಲಿಯ ಒಂದು ದಿನ ಹೊರಗಿನವರಿಗೆ ಒಂದು ವರ್ಷ. ಗುಳೇದಗುಡ್ಡದಲ್ಲಿದ್ದ ಅಕ್ಕ ಕಸ್ತೂರವ್ವ ಕೂಸಿನ ಹುಟ್ಟುಹಬ್ಬಕ್ಕೆ ತಪ್ಪದೆ ಖಣದ ಬಟ್ಟೆ ಹೊಲಿದು ಕಳಿಸುತ್ತಿದ್ದಳು. ಹಾಗಾಗಿ ಇಲ್ಲಿ ದಿನಾ ಬೆಳಗ್ಗೆ ಒಂದು ಗಂಟು ಬರುತ್ತಿತ್ತು. ಅಳತೆಗೆ ಮಾತ್ರ ಅವಳು ತನ್ನ ಕ್ಯಾಲೆಂಡರನ್ನೇ ನಂಬಿದ್ದಳು. ಲಂಗ ಬಂತು, ಮದುವೆಯ ಕುಪ್ಪಸವೂ ಬಂತು. ಕೂಸಿಗಿನ್ನೂ ಕುತ್ತಿಗೆ ನಿಂತಿರಲಿಲ್ಲ.

ಇಂದಿನ ಗಂಟಿನಲ್ಲಿ ಎಳೆಗೂಸಿನ ತಲೆಗೆ ಕಟ್ಟುವ ಪುಟ್ಟ ಕುಂಚಿಗೆಯಿತ್ತು. ಹೊಲಿಗೆ ಸೊಟ್ಟಗಿತ್ತು. ಜೊತೆಗೊಂದು ಚೀಟಿ: "ಕೂಸು ಇನ್ನೂ ಕೂಸ ಐತಿ ಅನ್ನೂದು ಮರತಿದ್ದೆ ತಂಗಿ. ಒಂದ್ಸಲ ಇದನ್ನ ತೊಡಿಸಿಕೊಂಡು ಬಾ, ನೋಡ್ತೀನಿ."

ಕಟ್ಟಿ ನೋಡಿದರೆ ಸರಿಯಾಗಿ ಕೂತಿತು.

"ಈಗಿಂದೀಗ ಹೊಂಡೂಣ ನಡಿ," ಎಂದ ಮಲ್ಲೇಶಿ.

"ಕೂಸು ಹಸದೈತಿ. ಹಾಲು ಕುಡಿಸಿ ಹೊಂಡೂಣಂತ," ಎಂದಳು ಸುವರ್ಣಾ.

ಕೂಸು ಕುಡಿದು, ತೇಗಿ, ನಿದ್ದೆ ಹೋಗುವಷ್ಟರಲ್ಲಿ ಟಪಾಲಿನವನು ಮತ್ತೆ ಬಾಗಿಲಿಗೆ ಬಂದ. ಒಂದೇ ದಿನ ಎರಡು ಸಲ ಅವನು ಎಂದೂ ಬಂದವನಲ್ಲ. ಗಂಟಿನಲ್ಲಿ ಅಕ್ಕನ ಕತ್ತರಿ, ಅವಳ ಮಗನ ಕಾಗದ ಇದ್ದವು.

"ಅವ್ವ ತೀರಿಕೊಂಡು ಹದಿನೈದು ದಿನ ಆತು ಚಿಗವ್ವಾ. ಕತ್ತರಿ ನಿನಗ ಮುಟ್ಟಸು ಅಂದಿದ್ಲು."

ಕೂಸಿನ ತುಟಿಯಂಚಿನ ಹಾಲು ಇನ್ನೂ ಆರಿರಲಿಲ್ಲ.